ನಿಮ್ಮ ಇಷ್ಟದ ಜಪಾನಿ ಕರಿ ಅಂಗಡಿ ಯಾವುದು? ನನ್ನದು ಕೋಕೋ ಇಚಿ

ನಾಗೋಯಾ ನಿವಾಸಿ

ಎಲ್ಲರಿಗೂ ನಮಸ್ಕಾರ. ಜಪಾನಿನ ಊಟ ಅಂದ ಕೂಡಲೇ ಇಲ್ಲಿ ಸುಶಿ, ರಾಮೆನ್ ಮಾತೇ ಬರುತ್ತದೆ. ನಾನು ಎಂಟು ವರ್ಷದಿಂದ ನಾಗೋಯಾದಲ್ಲಿದ್ದೇನೆ. ನನ್ನ ಹೊಟ್ಟೆ ಕಾಪಾಡಿದ್ದು ಅವೆರಡೂ ಅಲ್ಲ, ಕರಿ ಅನ್ನ, ಅಂದರೆ ಅನ್ನದ ಪಕ್ಕ ಮಂದವಾದ ಮಸಾಲೆ ಸೋಸು (ಸಾಸ್). ಇವರು 'ಕರೇ ರೈಸು' ಅನ್ನುತ್ತಾರೆ. ಅದರಲ್ಲೂ ನನಗೆ ತುಂಬಾ ಹತ್ತಿರವಾದದ್ದು ಕೋಕೋ ಇಚಿಬಾನ್ಯಾ. ಇಲ್ಲಿಯವರ ಬಾಯಲ್ಲಿ ಬರೀ 'ಕೋಕೋ ಇಚಿ'.

ಇದು ನಾಗೋಯಾ ಕಡೆ ಹುಟ್ಟಿದ ಅಂಗಡಿ. ಮುನೆತ್ಸುಗು ತೊಕುಜಿ ಮತ್ತು ಅವರ ಹೆಂಡತಿ ನವೊಮಿ 1974ರಲ್ಲಿ ಒಂದು ಕಾಫಿ ಅಂಗಡಿ ತೆರೆದರು. ಅಲ್ಲಿ ನವೊಮಿ ಮಾಡುತ್ತಿದ್ದ ಮನೆ ರುಚಿಯ ಕರಿ ಜನರಿಗೆ ಹಿಡಿಸಿತು. ಅದನ್ನೇ ನಂಬಿಕೊಂಡು 1978ರ ಜನವರಿಯಲ್ಲಿ ಊರಾಚೆ ನಿಶಿಬಿವಾಜಿಮಾದಲ್ಲಿ ಬರೀ ಕರಿಗೆಂದೇ ಒಂದು ಅಂಗಡಿ ಹಾಕಿದರು. 'ಕೊಕೊ ಗಾ ಇಚಿಬಾನ್ ಯಾ' ಅಂದರೆ 'ಇಲ್ಲಿಯದೇ ನಂಬರ್ ಒನ್' ಅಂತ. 2013ರಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡ ಕರಿ ಹೋಟೆಲ್ ಸರಣಿ ಅಂತ ಗಿನ್ನೆಸ್ ದಾಖಲೆಗೂ ಸೇರಿತು.

ದೊಡ್ಡದು ಅಂತ ನನಗೆ ಇಷ್ಟ ಅಲ್ಲ. ಕಾರಣ ಬೇರೆ. ಕಳೆದ ವಾರದ್ದೇ ಹೇಳುತ್ತೇನೆ. ಕೆಲಸ ಮುಗಿದಾಗ ರಾತ್ರಿ ಒಂಬತ್ತೂವರೆ, ಹೊರಗೆ ಜಿಟಿಜಿಟಿ ಮಳೆ. ಸ್ಟೇಷನ್ ಹತ್ತಿರದ ನಮ್ಮ ಅಂಗಡಿಯಲ್ಲಿ ಹಳದಿ ಬೋರ್ಡಿನ ದೀಪ ಇನ್ನೂ ಉರಿಯುತ್ತಿತ್ತು. ಒಳಗೆ ಕಟ್ಟೆಯ ಉದ್ದಕ್ಕೂ ಒಬ್ಬೊಬ್ಬರೇ ಕೂತವರು ಐದಾರು ಜನ. ಒಬ್ಬನೇ ಬಂದೆ ಅಂತ ಯಾರೂ ತಿರುಗಿ ನೋಡುವುದಿಲ್ಲ. ಕೂತ ಕೂಡಲೇ ಐಸ್ ಹಾಕಿದ ನೀರು. ಆಮೇಲೆ ಒಂದೊಂದಾಗಿ ನಾವೇ ಆರಿಸಬೇಕು. ಯಾವ ಸೋಸು, ಎಷ್ಟು ಗ್ರಾಂ ಅನ್ನ, ಎಷ್ಟನೇ ಖಾರ, ಮೇಲೆ ಏನೇನು ಹಾಕಬೇಕು. ನನ್ನದು ಯಾವಾಗಲೂ ಒಂದೇ: ಚಿಕನ್ ಕಟ್ಸು (ಬ್ರೆಡ್ ಪುಡಿ ಹಚ್ಚಿ ಕರಿದ ಕೋಳಿ), ಪಾಲಕ್, ಮೂರನೇ ಖಾರ.

ತಟ್ಟೆ ಬಂದಾಗ ಮೊದಲು ಒಂದು ನಿಮಿಷ ಸುಮ್ನೆ ನೋಡುತ್ತೇನೆ. ಅಂಡಾಕಾರದ ಬಿಳಿ ತಟ್ಟೆ. ಒಂದು ಕಡೆ ಅನ್ನ, ಇನ್ನೊಂದು ಕಡೆ ಕಡು ಕಂದು ಸೋಸು. ಎರಡೂ ಸೇರುವ ಗೆರೆ ನೇರವಾಗಿರುತ್ತದೆ. ಸೋಸು ಎಷ್ಟು ಮಂದ ಅಂದರೆ ಅನ್ನದೊಳಗೆ ಇಳಿಯುವುದಿಲ್ಲ, ಅಂಚಿನಲ್ಲೇ ನಿಲ್ಲುತ್ತದೆ. ಚಮಚವನ್ನು ಆ ಗೆರೆಯ ಮೇಲೇ ಇಳಿಸಿ ಅರ್ಧ ಅನ್ನ, ಅರ್ಧ ಸೋಸು ತೆಗೆದುಕೊಳ್ಳಬೇಕು. ಮೊದಲು ಸಿಹಿ ಬರುತ್ತದೆ, ಹಿಂದೆಯೇ ಹುರಿದ ಈರುಳ್ಳಿಯ ರುಚಿ. ಖಾರ ಬರುವುದು ನುಂಗಿದ ಮೇಲೆ.

ನಿಮ್ಮ ಅಂಗಡಿ ಯಾವುದು? ನೀವು ಹೇಗೆ ತಿನ್ನುತ್ತೀರಿ? ಬರೆಯಿರಿ.

ಬಿಡದಿ ಹುಡುಗ

ಅಯ್ಯೋ, ಇದನ್ನು ಓದಿ ಬಾಯಲ್ಲಿ ನೀರು ಬಂತು! ಟೊಯೋಟಾ ಸಿಟಿಗೆ ಮೂರು ತಿಂಗಳು ಟ್ರೈನಿಂಗ್‌ಗೆ ಹೋಗಿದ್ದೆ. ನಮ್ಮ ಬಿಡದಿ ಪ್ಲಾಂಟಿನಿಂದ ಒಂದು ಬ್ಯಾಚ್ ಹೋಗಿದ್ದೆವು. ಮೊದಲ ವಾರ ಎಲ್ಲರೂ ತಂದಿದ್ದ ಚಟ್ನಿಪುಡಿ, ಎಂಟಿಆರ್ ಪ್ಯಾಕೆಟ್‌ಗಳಲ್ಲೇ ಕಳೆದೆವು. ಎರಡನೇ ವಾರ ಅಲ್ಲಿಯ ಹಿರಿಯ ಸಹೋದ್ಯೋಗಿಯೊಬ್ಬರು ಕೋಕೋ ಇಚಿಗೆ ಕರೆದುಕೊಂಡು ಹೋದರು. ಆಮೇಲೆ ಭಾನುವಾರ ಬಂತು ಅಂದರೆ ನಮ್ಮ ದಾರಿ ಅಲ್ಲಿಗೇ.

ಖಾರದ ವಿಷಯ ಹೇಳಲೇಬೇಕು. ನಾವು ಐದು ಜನ ಕೂತು 'ನಮಗೆ ಹತ್ತನೇ ಖಾರ ಕೊಡಿ' ಅಂದೆವು. ಐದನೇ ಖಾರ ತಿಂದು ಅಭ್ಯಾಸ ಇರುವವರಿಗೆ ಮಾತ್ರ ಆರು ಮತ್ತು ಅದರ ಮೇಲಿನದು ಅಂತ ಮೆನುವಿನಲ್ಲೇ ಬರೆದಿದೆ. ಬಡಿಸುವ ಹುಡುಗಿ ಅದನ್ನು ಬೆರಳಿಟ್ಟು ತೋರಿಸಿದಳು. ಒಂದನೇ ಖಾರಕ್ಕಿಂತ ಐದನೆಯದು ಸುಮಾರು 12 ಪಟ್ಟು, ಹತ್ತನೆಯದು 24 ಪಟ್ಟು ಅಂತ ಲೆಕ್ಕ. ಐದನೆಯದನ್ನೇ ತಿಂದೆವು. ಖಾರ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಬ್ಯಾಡಗಿ, ಗುಂಟೂರಿನ ಖಾರದ ಹಾಗೆ ನಾಲಿಗೆ ತುದಿಗೆ ಹತ್ತುವುದಿಲ್ಲ. ನಿಧಾನವಾಗಿ ಗಂಟಲಲ್ಲಿ ಏರುತ್ತದೆ. ಅರ್ಧ ತಟ್ಟೆ ಮುಗಿಯುವಾಗ ಹಣೆಯಲ್ಲಿ ಬೆವರು.

ಹುಳಿಪುಡಿ

ನನ್ನ ಮಾತು ಸ್ವಲ್ಪ ಬೇರೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ವರ್ಷದ ಹಿಂದೆ ಒಸಾಕಾಗೆ ಹೋದಾಗ ಎರಡು ಕಡೆ ಕರಿ ತಿಂದೆ. ಎರಡೂ ಕಡೆ ಹಿಡಿಸಲಿಲ್ಲ. ಸಿಹಿ ಜಾಸ್ತಿ. ಮೈದಾ ಗಂಜಿಯ ಹಾಗೆ ಅಂಟು. ಹುಣಸೆ ಇಲ್ಲ, ಕರಿಬೇವಿಲ್ಲ, ಒಗ್ಗರಣೆ ಇಲ್ಲ. ನನಗೆ ಹುಳಿ ಅಂದರೆ ಮೈಸೂರಿನ ನಮ್ಮ ಮನೆ ಹುಳಿ. ಇದನ್ನು ಯಾಕೆ 'ಕರಿ' ಅಂತ ಕರೆಯುತ್ತಾರೆ ಅನ್ನುವುದೇ ಅರ್ಥವಾಗಲಿಲ್ಲ.

ನಾಗೋಯಾ ನಿವಾಸಿ

ಬೇಜಾರು ಯಾಕೆ? ಒಳ್ಳೆಯ ಪ್ರಶ್ನೆ. ಮೊದಲ ವರ್ಷ ನನಗೂ ಹೀಗೇ ಅನಿಸಿತ್ತು. ಅದನ್ನು ಹುಳಿಯ ಪಕ್ಕ ಇಟ್ಟು ನೋಡಿದರೆ ಹುಳಿಯೇ ಗೆಲ್ಲುತ್ತದೆ. ಆದರೆ ಅದು ಹುಳಿಯೂ ಅಲ್ಲ, ಸಾರೂ ಅಲ್ಲ. ಅದರ ವಂಶವೇ ಬೇರೆ.

ಜಪಾನಿಗೆ ಕರಿ ನಮ್ಮ ದೇಶದಿಂದ ನೇರ ಹೋಗಿಲ್ಲ, ಇಂಗ್ಲಿಷರ ಕೈಯಿಂದ ಹೋಗಿದೆ. ಮೇಜಿ ಚಕ್ರವರ್ತಿಯ ಕಾಲದಲ್ಲಿ, 1872ರಲ್ಲಿ ಬಂದ ಎರಡು ಅಡುಗೆ ಪುಸ್ತಕಗಳಲ್ಲಿ ಕರಿ ಮಾಡುವ ವಿಧಾನ ಇದೆ. ಎರಡೂ ಪಾಶ್ಚಾತ್ಯ ಅಡುಗೆಯ ಪುಸ್ತಕಗಳು. ಅಂದರೆ ಅವರ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಡುಗೆ. ಡಬ್ಬಿಯಲ್ಲಿ ಬರುತ್ತಿದ್ದ ಇಂಗ್ಲಿಷ್ ಕರಿ ಪುಡಿ, ಬೆಣ್ಣೆಯಲ್ಲಿ ಹುರಿದ ಮೈದಾ. ಆ ಅಂಟು ಬಂದಿದ್ದು ಅಲ್ಲಿಂದ. ತಮ್ಮದೇ ಕರಿ ಪುಡಿಯನ್ನು ಎಸ್ ಅಂಡ್ ಬಿ ಕಂಪನಿ ಮಾಡಿದ್ದು 1923ರಲ್ಲಿ. 1963ರಲ್ಲಿ ಹೌಸ್ ಕಂಪನಿ ಸೇಬು, ಜೇನುತುಪ್ಪ ಸೇರಿಸಿದ 'ವರ್ಮಾಂಟ್ ಕರಿ' ಅಚ್ಚು ತಂದಿತು, ಬಿಸಿ ನೀರಲ್ಲಿ ಕರಗಿಸಿದರೆ ಸೋಸು ಆಗುವಂಥದ್ದು. ಅಲ್ಲಿಯವರೆಗೆ ಮಕ್ಕಳಿಗೆ ಖಾರ ಅನಿಸುತ್ತಿದ್ದದ್ದು ಆಮೇಲೆ ಮನೆಮಂದಿಯೆಲ್ಲ ಕೂತು ತಿನ್ನುವ ಊಟ ಆಯಿತು. ನಿಮಗೆ ಸಿಹಿ ಅನಿಸಿದ್ದಕ್ಕೆ ಕಾರಣ ಅದು.

ಇನ್ನು ಹೆಸರು. ಅದರಲ್ಲಿ ನಮಗೂ ಒಂದು ಪಾಲಿದೆ. ಆಂಗ್ಲೋ ಇಂಡಿಯನ್ ಪದಗಳ ಹಳೆಯ ಕೋಶ 'ಹಾಬ್ಸನ್ ಜಾಬ್ಸನ್' ಈ ಪದದ ಮೂಲ ತಮಿಳಿನ 'ಕರಿ' ಅನ್ನುತ್ತದೆ. ಪೋರ್ಚುಗೀಸರು ಮಾತ್ರ ತೆಗೆದುಕೊಂಡಿದ್ದು ಕನ್ನಡದ ರೂಪ 'ಕರಿಲ್' ಅಂತ ಅದರಲ್ಲೇ ಇದೆ. ಮಂದ ಸೋಸಿನ ಆ ತಟ್ಟೆ ನೋಡುವಾಗಲೆಲ್ಲ ನನಗೆ ಈ ಪದದ ದಾರಿ ನೆನಪಾಗುತ್ತದೆ. ನಮ್ಮ ಕರಾವಳಿಯಿಂದ ಹೊರಟ ಪದ ಎಲ್ಲೆಲ್ಲೋ ಸುತ್ತಿದೆ ಅಲ್ವಾ?

ಜಿಂಬೋಚೋ ಓದುಗ

ನೇರ ಹೋಗಿಲ್ಲ ಅಂದಿರಿ, ಅದಕ್ಕೆ ಒಂದು ದೊಡ್ಡ ಅಪವಾದ ಇದೆ. ಟೋಕಿಯೋದ ಶಿಂಜುಕುವಿನ ನಾಕಾಮುರಾಯಾ. ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ 1915ರಲ್ಲಿ ಬ್ರಿಟಿಷರಿಂದ ತಪ್ಪಿಸಿಕೊಂಡು ಜಪಾನಿಗೆ ಬಂದಾಗ, ಅವರನ್ನು ಬಚ್ಚಿಟ್ಟವರು ಈ ಬ್ರೆಡ್ ಅಂಗಡಿಯ ಸೋಮಾ ದಂಪತಿ. ಮುಂದೆ ಅವರ ಮಗಳು ತೊಶಿಕೋ ಬೋಸರನ್ನು ಮದುವೆಯಾದಳು. 1925ರಲ್ಲಿ ತೀರಿಕೊಂಡಳು, ಪಾಪ, ಚಿಕ್ಕ ವಯಸ್ಸು. 1927ರಲ್ಲಿ ಅಂಗಡಿಯಲ್ಲಿ ಊಟದ ಕೋಣೆ ತೆರೆದಾಗ ಬೋಸರು ಹೇಳಿಕೊಟ್ಟ ಕೋಳಿ ಕರಿ ಮೆನುವಿಗೆ ಬಂತು. ಮೈದಾ ಹಾಕಿ ಮಂದ ಮಾಡುವ ಇಂಗ್ಲಿಷ್ ಕರಿ ನಮ್ಮದಲ್ಲ ಅಂತ ತೋರಿಸುವ ಹಟ ಬೋಸರದ್ದು. ಇವತ್ತಿಗೂ ಆ ಅಂಗಡಿಯವರು 'ಕರೇ' ಅನ್ನುವುದಿಲ್ಲ, 'ಕರೀ' ಅಂತಲೇ ಬರೆಯುತ್ತಾರೆ. ಅದನ್ನು ಓದಿದಾಗ ನನಗೆ ಮೈ ಜುಂ ಅಂತು.

ನನ್ನ ಇಷ್ಟದ ಅಂಗಡಿ ಅದಲ್ಲ, ಟೋಕಿಯೋದಲ್ಲೇ ಇರುವ ಜಿಂಬೋಚೋದ ಬೋಂಡಿ. ಹಳೆ ಪುಸ್ತಕದ ಅಂಗಡಿಗಳ ಬೀದಿಯಲ್ಲಿ, ಪುಸ್ತಕದಂಗಡಿ ಇರುವ ಕಟ್ಟಡದ ಎರಡನೇ ಮಹಡಿ. ಕರಿಗಿಂತ ಮುಂಚೆ ಬೇಯಿಸಿದ ಎರಡು ಆಲೂಗಡ್ಡೆ ಬರುತ್ತದೆ, ಜೊತೆಗೆ ಬೆಣ್ಣೆ. ಸಿಪ್ಪೆ ಇನ್ನೂ ಬಿಸಿ ಇರುತ್ತದೆ. ಬೆಣ್ಣೆ ಸವರಿ, ಈಗಷ್ಟೇ ಕೊಂಡ ಪುಸ್ತಕದ ಮೊದಲ ಪುಟ ಓದುತ್ತಾ ತಿನ್ನುತ್ತೇನೆ. ಅನ್ನದ ಮೇಲೆ ತುರಿದ ಚೀಸ್ ಇರುತ್ತದೆ. ಶನಿವಾರ ಮಧ್ಯಾಹ್ನ ಸಾಲು ಮೆಟ್ಟಿಲವರೆಗೂ ಬರುತ್ತದೆ. ವಾರದ ನಡುವೆ ಹೋಗಿ.

ಸಾಗರದ ಹುಡುಗಿ

ಎಲ್ಲರೂ ಕಟ್ಸು, ಕೋಳಿ ಅಂತ ಬರೆಯುತ್ತಿದ್ದೀರಿ. ನನ್ನ ಹಾಗೆ ಸಸ್ಯಾಹಾರಿಗಳೂ ಇದನ್ನು ಓದುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯಲೇಬೇಕು.

ಟೋಕಿಯೋಗೆ ಬಂದ ಮೊದಲ ತಿಂಗಳು ಮನೆ ಹತ್ತಿರದ ಒಂದು ಸಣ್ಣ ಕರಿ ಅಂಗಡಿಗೆ ಹೋದೆ. ಹೆಸರು ಬೇಡ. ಮೆನುವಿನಲ್ಲಿ 'ಯಾಸಾಯ್ ಕರೇ' ಅಂತಿತ್ತು. ಯಾಸಾಯ್ ಅಂದರೆ ತರಕಾರಿ ಅಂತ ಗೊತ್ತಿತ್ತು, ಖುಷಿಯಿಂದ ಹೇಳಿದೆ. ಬದನೆಕಾಯಿ, ಕ್ಯಾರೆಟ್, ಕುಂಬಳ, ನೋಡಲು ಎಷ್ಟು ಚೆಂದ! ಅರ್ಧ ತಿಂದ ಮೇಲೆ ಚಮಚದಲ್ಲಿ ಬೆರಳುಗುರಿನಷ್ಟು ಒಂದು ಬೂದು ಬಣ್ಣದ ಎಳೆ ಕಂಡಿತು. ಕೇಳಿದರೆ, 'ಮಾಂಸ ಹಾಕಿಲ್ಲ, ಸೋಸಿನಲ್ಲಿ ಮಾತ್ರ ಹಂದಿಮಾಂಸ ಇದೆ' ಅಂದರು. ಅವರು ಸುಳ್ಳು ಹೇಳಿರಲಿಲ್ಲ. ಅವರ ಪ್ರಕಾರ ಯಾಸಾಯ್ ಕರೇ ಅಂದರೆ ಮೇಲೆ ತರಕಾರಿ ಇಟ್ಟ ಕರಿ. ಹಣ ಕೊಟ್ಟು ಹೊರಗೆ ಬಂದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಆಫೀಸಿನ ಗೆಳತಿಯೊಬ್ಬಳು ಕೋಕೋ ಇಚಿಗೆ ಕರೆದುಕೊಂಡು ಹೋದಳು. ಅಲ್ಲಿ ಮಾಮೂಲಿ ಸೋಸು ಹಂದಿಮಾಂಸದ್ದೇ. ಆದರೆ 'ಬೆಜಿ' ಅಂತ ಬೇರೆ ಸೋಸು ಇದೆ. ಅದರಲ್ಲಿ ಮಾಂಸದ ಪದಾರ್ಥ ಹಾಕುವುದಿಲ್ಲ. ಈ ಎರಡು ಪದ ಗಟ್ಟಿ ನೆನಪಿಟ್ಟುಕೊಳ್ಳಿ: ಯಾಸಾಯ್ ಬೇರೆ, ಬೆಜಿ ಬೇರೆ. ಯಾಸಾಯ್ ಅಂದರೆ ಮೇಲೆ ಹಾಕುವ ತರಕಾರಿ. ಬೆಜಿ ಅಂದರೆ ಸೋಸು. ಎರಡನ್ನೂ ಹೇಳಬೇಕು.

ನಾನು ಬೆಜಿ ಸೋಸು, ಬದನೆಕಾಯಿ, ಪಾಲಕ್, ನಾಲ್ಕನೇ ಖಾರ ಹೇಳುತ್ತೇನೆ. ಕರಿದ ತಿಂಡಿ ಹಾಕಿಸಿಕೊಳ್ಳುವುದಿಲ್ಲ, ಎಣ್ಣೆ ಬಾಣಲೆ ಒಂದೇ ಅಲ್ವಾ. ಅಡುಗೆಮನೆಯೂ ಒಂದೇ. ಮಡಿ ಇರುವವರಿಗೆ ಅದು ಸರಿಹೋಗಲಿಕ್ಕಿಲ್ಲ, ಅವರು ನೋಡಿಕೊಂಡು ಹೋಗಿ. ಬೇರೆ ಅಂಗಡಿಗೆ ಹೋದರೆ 'ನಿಕು ಮೊ ಸಕಾನಾ ಮೊ ತಾಬೆಮಾಸೆನ್' ಅನ್ನಿ. ಮಾಂಸ, ಮೀನು ಎರಡೂ ತಿನ್ನುವುದಿಲ್ಲ ಅಂತ. ಸೋಸಿನ ಬಗ್ಗೆ ಬೇರೆಯಾಗಿ ಇನ್ನೊಂದು ಸಲ ಕೇಳಿ. ಸಂಕೋಚ ಬೇಡ.

ಬಿಡದಿ ಹುಡುಗ

ಓದಿ ತುಂಬಾ ಬೇಸರ ಆಯಿತು. ನಮ್ಮ ಬ್ಯಾಚಿನಲ್ಲೂ ಇಬ್ಬರು ಸಸ್ಯಾಹಾರಿಗಳಿದ್ದರು. ಅವರು ಮೂರು ತಿಂಗಳು ಅನ್ನ ಮೊಸರಲ್ಲೇ ಕಳೆದರು. ಈ 'ಬೆಜಿ' ವಿಷಯ ಆಗಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮುಂದಿನ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಇದನ್ನು ಹಾಗೇ ಕಳಿಸಿದ್ದೇನೆ.

ಯೊಕೊಹಾಮಾ ಅಮ್ಮ

ಅಂಗಡಿಯಷ್ಟೇ ಅಲ್ಲ, ಸೂಪರ್ ಮಾರ್ಕೆಟ್ಟಿನ ಕರಿ ಅಚ್ಚಿನಲ್ಲೂ ಇದೇ ತೊಂದರೆ. ಚಾಕೊಲೇಟ್ ಹಾಗೆ ಕಾಣುವ ಆ ಅಚ್ಚುಗಳಲ್ಲಿ ಎಷ್ಟೋ ಬಗೆಯವಕ್ಕೆ ದನದ ಕೊಬ್ಬು, ಹಂದಿ ಕೊಬ್ಬು ಹಾಕಿರುತ್ತಾರೆ. ಹಿಂದೆ ಬರೆದ ಪಟ್ಟಿಯಲ್ಲಿ 'ಗ್ಯೂಶಿ' (ದನದ ಕೊಬ್ಬು), 'ಟೋನ್ಶಿ' (ಹಂದಿ ಕೊಬ್ಬು) ಅನ್ನುವ ಪದ ಇದೆಯಾ ನೋಡಿ. ಓದಲು ಬರದಿದ್ದರೆ ಅಂಗಡಿಯವರಿಗೆ ತೋರಿಸಿ ಕೇಳಿ.

ನನ್ನ ಮಕ್ಕಳು ಇಲ್ಲಿಯ ಶಾಲೆಗೇ ಹೋಗುವುದು. ಶಾಲೆಯ ಊಟದಲ್ಲಿ ಕರಿ ಇರುವ ದಿನ ಬೆಳಿಗ್ಗೆಯಿಂದಲೇ ಕುಣಿಯುತ್ತಾರೆ. 1982ರ ಜನವರಿ 22ರಂದು ದೇಶದ ಶಾಲೆಗಳಲ್ಲೆಲ್ಲ ಒಂದೇ ದಿನ ಕರಿ ಬಡಿಸಬೇಕು ಅಂತ ಮಾಡಿದ್ದರು. ಈಗಲೂ ಆ ತಾರೀಖನ್ನು ಕರಿ ದಿನ ಅನ್ನುತ್ತಾರೆ. ಇಲ್ಲಿಂದ ಹತ್ತಿರದ ಯೊಕೊಸುಕಾದಲ್ಲಂತೂ ನೌಕಾಪಡೆಯ ಕರಿಯೇ ಊರಿನ ಗುರುತು. ಹಡಗಿನವರಿಗೆ ಶುಕ್ರವಾರ ಅಂದರೆ ಕರಿ.

ನಾನು ಅಚ್ಚು ಬಿಟ್ಟು ಮನೆಯಲ್ಲೇ ಮಾಡುತ್ತೇನೆ. ನಾಲ್ಕು ಜನಕ್ಕೆ ಹೇಳುತ್ತೇನೆ. ಮೊದಲು ಎರಡು ದೊಡ್ಡ ಈರುಳ್ಳಿ ತೆಳ್ಳಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಹುರಿಯಿರಿ. ಅವಸರ ಮಾಡಬೇಡಿ. ಬೆಲ್ಲದ ಬಣ್ಣಕ್ಕೆ ಬರಬೇಕು. ಬೇರೆ ಬಾಣಲೆಯಲ್ಲಿ ಮೂರು ಚಮಚ ತುಪ್ಪ, ಮೂರು ಚಮಚ ಮೈದಾ. ಕೈ ಬಿಡದೆ ಕೆದಕುತ್ತಿರಿ. ಮೊದಲು ಹಸಿ ವಾಸನೆ, ಆಮೇಲೆ ಬಿಸ್ಕೆಟ್ ವಾಸನೆ, ಕೊನೆಗೆ ಹುರಿದ ಕಡಲೆಬೀಜದ ವಾಸನೆ ಬರುತ್ತದೆ. ಬಣ್ಣ ಕಡಲೆಬೀಜದ ಸಿಪ್ಪೆಯ ಹಾಗೆ ಆದಾಗ ಒಲೆ ಆರಿಸಿ ಎರಡು ಚಮಚ ಕರಿ ಪುಡಿ ಹಾಕಿ. ಉರಿ ಇದ್ದಾಗ ಹಾಕಿದರೆ ಪುಡಿ ಕಹಿ ಆಗುತ್ತದೆ. ಆಲೂಗಡ್ಡೆ, ಕ್ಯಾರೆಟ್ ಬೇಯಿಸಿ, ಈರುಳ್ಳಿ ಸೇರಿಸಿ, ಅರ್ಧ ಸೇಬು ತುರಿದು ಹಾಕಿ. ಮೈದಾ ಹುರಿದದ್ದನ್ನು ಬೆಂದ ನೀರಲ್ಲಿ ಕದಡಿ ಬೆರೆಸಿ. ಕೊನೆಗೆ ಒಂದು ಚಮಚ ಸೋಯಾ ಸಾಸ್, ಉಪ್ಪು. ಒಗ್ಗರಣೆ ಬೇಡ. ಕೈ ಹೋಗುತ್ತದೆ, ಆದರೂ ಬೇಡ!

ನಮ್ಮಲ್ಲಿ ನಿನ್ನೆಯ ಹುಳಿ ಕುದಿಸಿ ತಿಂದರೆ ರುಚಿ ಜಾಸ್ತಿ ಅನ್ನುವುದಿಲ್ಲವೇ, ಇಲ್ಲಿಯೂ 'ಎರಡನೇ ದಿನದ ಕರಿ' ಅಂತ ಒಂದು ಮಾತೇ ಇದೆ. ಆದರೆ ರಾತ್ರಿಯೆಲ್ಲ ಪಾತ್ರೆಯಲ್ಲೇ ಹೊರಗೆ ಬಿಡಬೇಡಿ. ಮಂದವಾದ್ದರಿಂದ ಒಳಗೆ ಬೇಗ ಆರುವುದಿಲ್ಲ, ಕುದಿಸಿದರೂ ಸಾಯದ ಒಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೇಸಿಗೆಯಲ್ಲಿ ಇಲ್ಲಿ ಇದರ ಬಗ್ಗೆ ಎಚ್ಚರಿಕೆ ಹೇಳುತ್ತಲೇ ಇರುತ್ತಾರೆ. ಸಣ್ಣ ಡಬ್ಬಿಗಳಿಗೆ ಹಾಕಿ, ಬೇಗ ಆರಿಸಿ, ಫ್ರಿಡ್ಜಿನಲ್ಲಿಡಿ.

ಗುರುಗ್ರಾಮ ಕನ್ನಡಿಗ

ಜಪಾನಿಗೆ ಹೋಗಲಾಗದವರಿಗೆ ಒಂದು ಮಾತು. ಕೋಕೋ ಇಚಿ ಭಾರತದ ತನ್ನ ಮೊದಲ ಅಂಗಡಿಯನ್ನು 2020ರ ಆಗಸ್ಟಿನಲ್ಲಿ ಇಲ್ಲಿ ಗುರುಗ್ರಾಮದ ಸೈಬರ್ ಹಬ್‌ನಲ್ಲಿ ತೆರೆಯಿತು. ಕೊರೊನಾ ಜೋರಾಗಿದ್ದ ಕಾಲ. ನಾನು ಮಾಸ್ಕ್ ಹಾಕಿಕೊಂಡು ಹೋಗಿ ತಿಂದಿದ್ದೆ. ದನ, ಹಂದಿ ಇರಲಿಲ್ಲ, ಸಸ್ಯಾಹಾರಿ ಸೋಸು ಇತ್ತು. ಕರಿಯ ಊರಿಗೇ ಕರಿ ಮಾರಲು ಬಂದರು, ಅದಕ್ಕೆ ಎಷ್ಟು ಧೈರ್ಯ ಬೇಕು! ನನಗೆ ಅದು ತುಂಬಾ ಇಷ್ಟವಾಯಿತು.

ಹುಳಿಪುಡಿ

ಇಷ್ಟೆಲ್ಲ ಓದಿದ ಮೇಲೆ ಸುಮ್ನೆ ಇರಲಾಗಲಿಲ್ಲ. ನಿನ್ನೆ ಭಾನುವಾರ ಯೊಕೊಹಾಮಾ ಅಮ್ಮ ಹೇಳಿದ ಹಾಗೇ ಮಾಡಿದೆ. ಒಗ್ಗರಣೆ ಹಾಕಲಿಲ್ಲ, ಹುಣಸೆಯೂ ಇಲ್ಲ. ಸೇಬಿನ ಬಗ್ಗೆ ನಂಬಿಕೆ ಇರಲಿಲ್ಲ, ಆದರೂ ಹಾಕಿದೆ. ಮೈದಾ ಹುರಿಯುವಾಗ ನೀವು ಹೇಳಿದ ಮೂರೂ ವಾಸನೆ ಬಂತು. ಅನ್ನಕ್ಕೆ ಸೋನಾ ಮಸೂರಿಯನ್ನೇ ಸ್ವಲ್ಪ ಮೆತ್ತಗೆ ಮಾಡಿದೆ.

ಅಮ್ಮನಿಗೆ ಎಪ್ಪತ್ತೆಂಟು. ಹೊಸ ಅಡುಗೆ ಅಂದರೆ ಮೂಗು ಮುರಿಯುತ್ತಾರೆ. ಚಮಚ ಬೇಡ ಅಂದರು, ಕೈಯಲ್ಲೇ ಕಲಸಿದರು. ತಟ್ಟೆಯ ಅಂಚಿಗೆ ಮಾವಿನಮಿಡಿ ಹಾಕಿಸಿಕೊಂಡರು. ಮೊದಲ ತುತ್ತಿಗೆ ಏನೂ ಹೇಳಲಿಲ್ಲ. ಎರಡನೆಯದಕ್ಕೆ 'ಇದು ಹುಳಿ ಅಲ್ಲ' ಅಂದರು. ಆಮೇಲೆ ಇನ್ನೊಂದು ಸೌಟು ಬಡಿಸು ಅಂದರು.

ಒಸಾಕಾದಲ್ಲಿ ನಾನು ತಿಂದದ್ದು ಹುಳಿಯನ್ನು ಹುಡುಕಿಕೊಂಡು. ಅದೇ ತಪ್ಪಾಗಿದ್ದು ಅನಿಸುತ್ತದೆ. ಇನ್ನೊಂದು ಸಲ ಹೋದರೆ ಖಾಲಿ ನಾಲಿಗೆಯಲ್ಲಿ ಹೋಗುತ್ತೇನೆ. ಒಂದು ಸಂಶಯ: ಅಲ್ಲಿ ತಟ್ಟೆಯಲ್ಲಿ ಕೆಂಪಗೆ, ಕಚ್ಚಿದರೆ ಕರುಂ ಅನ್ನುವ ಉಪ್ಪಿನಕಾಯಿಯಂಥದ್ದು ಇತ್ತಲ್ಲ, ಅದು ಏನು?

ನಾಗೋಯಾ ನಿವಾಸಿ

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಓದಿ ಕಣ್ಣು ತುಂಬಿತು.

ಅದು ಫುಕುಜಿನ್‌ಜುಕೆ. ಮೂಲಂಗಿ, ಬದನೆ, ಕಮಲದ ದಂಟು, ಸೌತೆ, ಕತ್ತಿ ಅವರೆ ಹೀಗೆ ಏಳು ಬಗೆಯ ತರಕಾರಿ ಸಣ್ಣಗೆ ಹೆಚ್ಚಿ ಸೋಯಾ ಸಾಸ್, ಸಕ್ಕರೆಯಲ್ಲಿ ಊರಿಸುತ್ತಾರೆ. ಏಳು ಅದೃಷ್ಟ ದೇವತೆಗಳ ಹೆಸರು ಅದಕ್ಕೆ. ಕೋಕೋ ಇಚಿಯಲ್ಲಿ ಮೇಜಿನ ಮೇಲೇ ಡಬ್ಬಿ ಇರುತ್ತದೆ, ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ನಿಮ್ಮ ಅಮ್ಮ ಮಿಡಿ ಇಟ್ಟುಕೊಂಡ ಜಾಗದಲ್ಲೇ ಇಲ್ಲಿಯವರು ಇದನ್ನು ಇಟ್ಟುಕೊಳ್ಳುತ್ತಾರೆ.

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಮೈಸೂರಿಗೂ ಬರುತ್ತೇನೆ. ಮೀನಿನ ಅಂಶ ಇಲ್ಲದ ಪ್ಯಾಕೆಟ್ ಹುಡುಕಿ ಎರಡು ತರುತ್ತೇನೆ. ಒಂದು ಅಮ್ಮನಿಗೆ.